ಅತಿಥಿಯನ್ನು ದುಡಿಸಿಕೊಂಡ ಗೊಂಬೆಗಳ ಕಂಪನಿ

ದೂರದರ್ಶನದ ಹಾಸ್ಯ ಕಾರ್ಯಕ್ರಮಕ್ಕೆ ಹೆಸರಾಂತ ನಟನನ್ನೋ ಗಾಯಕಿಯನ್ನೋ ಅತಿಥಿಯಾಗಿ ಕರೆಸಿದ ಮೇಲೆ ಅವರಿಂದ ಏನು ಮಾಡಿಸಬೇಕು ಎಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಅದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ ‘ದಿ ಮಪೆಟ್ ಶೋ’ ಎಂಬ ಗೊಂಬೆಗಳ ಕಾರ್ಯಕ್ರಮದಲ್ಲಿದೆ. 1976ರಿಂದ 1981ರವರೆಗೆ ಐದು ಸರಣಿಗಳಲ್ಲಿ 120 ಕಂತುಗಳಾಗಿ ಬಂದ, ಹಾಡು, ಕುಣಿತ, ಕಿರುಪ್ರಹಸನಗಳನ್ನು ಅರ್ಧ ಗಂಟೆಯೊಳಗೆ ಹೆಣೆದು ಕೊಡುತ್ತಿದ್ದ ಈ ಕಾರ್ಯಕ್ರಮಕ್ಕೆ ಪ್ರತಿ ಕಂತಿನಲ್ಲೂ ಒಬ್ಬ ಪ್ರಸಿದ್ಧ ಕಲಾವಿದರು ಬರುತ್ತಿದ್ದರು; ಬಂದವರಿಗೆ ಅಲ್ಲಿ ಸನ್ಮಾನವಿರಲಿಲ್ಲ, ಕೆಲಸವಿತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ನಾಟಕ ನೋಡುತ್ತಲೇ ಬೆಳೆದ ನನಗೆ, ಇಂಗ್ಲೆಂಡಿನಲ್ಲಿ ತಯಾರಾದ ಈ ಅಮೆರಿಕನ್ ಗೊಂಬೆಯಾಟ ಏಕೆ ಇಷ್ಟು ಹತ್ತಿರವಾಯಿತೆಂಬುದನ್ನು ಕೊಂಚ ವಿಸ್ತಾರವಾಗಿ ಬರೆಯಬೇಕೆನಿಸಿದೆ.

ಎಲ್ಲವೂ ನಡೆಯುವುದು ಒಂದು ಹಳೆಯ ರಂಗಮಂದಿರದಲ್ಲಿ. ಕರ್ಮಿಟ್ ಎಂಬ ಹಸಿರು ಕಪ್ಪೆ ಅದರ ವ್ಯವಸ್ಥಾಪಕ. ಫಾಜಿ ಎಂಬ ಕರಡಿ ಕಂಪನಿಯ ಹಾಸ್ಯಗಾರ. ಅವನ ಚಟಾಕಿಗಳಿಗೆ ಯಾರೂ ನಗುವುದಿಲ್ಲ, ಆದರೂ ಅವನು ಪ್ರತಿ ವಾರ ಹೊಸ ಹುರುಪಿನಿಂದ ರಂಗಕ್ಕೆ ಬರುತ್ತಾನೆ. ಮಿಸ್ ಪಿಗ್ಗಿ ಎಂಬ ಹಂದಿಗೆ ತಾನೇ ನಾಯಕಿಯಾಗಬೇಕೆಂಬ ಹಟ, ಜೊತೆಗೆ ಕರ್ಮಿಟ್‌ನ ಮೇಲೆ ಬಿಡಿಸಲಾಗದ ಪ್ರೀತಿ. ರಂಗದ ಮೇಲೆ ನಡೆಯುವ ಪ್ರಹಸನಗಳಷ್ಟೇ ಜಾಗ ಪರದೆಯ ಹಿಂದಿನ ಗಡಿಬಿಡಿಗೂ ಇದೆ. ಮುಂದಿನ ದೃಶ್ಯಕ್ಕೆ ಬೇಕಾದವರು ಸಿಗುವುದಿಲ್ಲ, ಯಾವುದೋ ಪ್ರಾಣಿ ತಪ್ಪಿಸಿಕೊಂಡಿರುತ್ತದೆ, ಮಂದಿರದ ಮಾಲೀಕರ ಸೋದರಳಿಯನೇ ಅಲ್ಲಿ ಓಡಾಡುವ ಹುಡುಗನಾದ್ದರಿಂದ ಅವನನ್ನು ಗದರಿಸುವಂತೆಯೂ ಇಲ್ಲ. ಕಂಪನಿ ನಾಟಕಗಳ ಒಳಹೊರಗನ್ನು ಸ್ವಲ್ಪವಾದರೂ ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ.

ಇದರ ಹುಟ್ಟಿನ ಕಥೆಯೂ ಪಟ್ಟುಬಿಡದ ಕಂಪನಿ ಮಾಲೀಕನ ಕಥೆಯೇ ಸರಿ. ಜಿಮ್ ಹೆನ್ಸನ್ 1955ರಲ್ಲಿ, ವಾಷಿಂಗ್ಟನ್ನಿನ ಸ್ಥಳೀಯ ವಾಹಿನಿಯೊಂದಕ್ಕಾಗಿ, ತಾಯಿಯ ಹಳೆಯ ಕೋಟಿನ ಬಟ್ಟೆಯನ್ನು ಕತ್ತರಿಸಿ, ಟೇಬಲ್ ಟೆನಿಸ್ ಚೆಂಡಿನ ಎರಡು ಹೋಳುಗಳನ್ನು ಕಣ್ಣಾಗಿಸಿ ಕರ್ಮಿಟ್‌ನ ಮೊದಲ ರೂಪವನ್ನು ಮಾಡಿದವರು. 1969ರಲ್ಲಿ ಆರಂಭವಾದ ಮಕ್ಕಳ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’ ಅವರ ಗೊಂಬೆಗಳಿಗೆ ದೊಡ್ಡ ಹೆಸರು ತಂದಿತು. ಆ ಹೆಸರೇ ಮುಂದೆ ತೊಡಕೂ ಆಯಿತು. ದೊಡ್ಡವರೂ ಕೂತು ನೋಡುವ ಗೊಂಬೆ ಕಾರ್ಯಕ್ರಮ ಮಾಡುತ್ತೇನೆಂದು ಅವರು ಹೋದಾಗ, ಗೊಂಬೆಗಳೆಂದರೆ ಮಕ್ಕಳಿಗಷ್ಟೇ ಎಂದು ನಂಬಿದ್ದ ಅಮೆರಿಕದ ದೊಡ್ಡ ವಾಹಿನಿಗಳು ಒಪ್ಪಲಿಲ್ಲ. ಒಪ್ಪಿದವರು ಬ್ರಿಟನ್ನಿನ ಎಟಿವಿ ಸಂಸ್ಥೆಯ ಲ್ಯೂ ಗ್ರೇಡ್. ಉಕ್ರೇನಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೆಳೆದು, ಯೌವನದಲ್ಲಿ ವೇದಿಕೆಯ ಮೇಲೆ ಕುಣಿದು ಹೊಟ್ಟೆ ಹೊರೆದಿದ್ದ ಈ ಮನುಷ್ಯನಿಗೆ ಇಂಥ ವಿನೋದಾವಳಿಯ ಬೆಲೆ ತಿಳಿದಿತ್ತು ಎಂಬುದು ನನ್ನ ಊಹೆ. ಹೀಗಾಗಿ ಹೆನ್ಸನ್ ಅವರ ತಂಡ ಲಂಡನ್ನಿನ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋಗೆ ಬಂದು ಬಿಡಾರ ಹೂಡಿತು, ಮತ್ತು ಅಲ್ಲಿ ತಯಾರಾದ ಕಂತುಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾದವು.

ಗೊಂಬೆಯಾಡಿಸುವ ಕ್ರಮವನ್ನು ತಿಳಿದುಕೊಂಡರೆ ಅತಿಥಿಗಳ ಕೆಲಸ ಎಂಥದೆಂಬುದೂ ಅರ್ಥವಾಗುತ್ತದೆ. ನಮ್ಮ ಚಿತ್ರದುರ್ಗ, ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟದಲ್ಲಿ ಆಡಿಸುವವರು ಬಿಳಿಯ ಪರದೆಯ ಹಿಂದೆ, ದೀಪದ ಮುಂದೆ ಇರುತ್ತಾರೆ. ನೋಡುವವರಿಗೆ ಕಾಣುವುದು ಬಣ್ಣದ ನೆರಳು ಮಾತ್ರ. ಎಲ್‌ಸ್ಟ್ರೀಯಲ್ಲಿ ರಂಗದ ನೆಲವನ್ನೇ ಆಳೆತ್ತರಕ್ಕೆ ಏರಿಸಿ, ಕಲಾವಿದರು ಅದರ ಕೆಳಗೆ ನಿಂತು, ತೋಳನ್ನು ತಲೆಯ ಮೇಲೆ ಎತ್ತಿ ಹಿಡಿದು ಗೊಂಬೆಯಾಡಿಸುತ್ತಿದ್ದರು. ಬಲಗೈ ಗೊಂಬೆಯ ತಲೆಯೊಳಗೆ, ಎಡಗೈಯಲ್ಲಿ ಗೊಂಬೆಯ ಕೈಗೆ ಕಟ್ಟಿದ ಕಡ್ಡಿ. ಈ ಕಾರಣಕ್ಕೇ ಮಪೆಟ್‌ಗಳಲ್ಲಿ ಬಹುಪಾಲು ಎಡಚರು. ಕಣ್ಣು ಮಾತ್ರ ಕಾಲ ಬಳಿ ಇಟ್ಟ ಟಿವಿ ಪರದೆಯ ಮೇಲಿರಬೇಕು, ಏಕೆಂದರೆ ತಮ್ಮ ಗೊಂಬೆ ಎತ್ತ ನೋಡುತ್ತಿದೆ ಎಂಬುದು ಅವರಿಗೆ ತಿಳಿಯುತ್ತಿದ್ದದ್ದು ಆ ಪರದೆಯಿಂದಲೇ. ಸ್ವೀಡಿಷ್ ಬಾಣಸಿಗನಂಥ ಪಾತ್ರಗಳಿಗೆ ಎರಡೂ ಕೈ ನಿಜವಾದ ಮನುಷ್ಯರ ಕೈಗಳೇ ಆಗಿದ್ದು, ತಲೆ ಮತ್ತು ದನಿ ಹೆನ್ಸನ್ ಅವರದ್ದು, ಕೈಗಳು ತಂಡದ ಇನ್ನೊಬ್ಬ ಗೊಂಬೆ ಕಲಾವಿದ ಫ್ರ್ಯಾಂಕ್ ಆಜ್ ಅವರದ್ದು. ಮೇಲೆ ನಿಂತ ಅತಿಥಿಗೆ ಕೆಳಗಿನ ಈ ಮನುಷ್ಯರೆಲ್ಲ ಕಾಣುತ್ತಿದ್ದರು. ಕಂಡರೂ ಕಾಣದಂತೆ, ಬಟ್ಟೆ ಮತ್ತು ಸ್ಪಂಜಿನ ಒಂದು ಮುಖವನ್ನು ದಿಟ್ಟಿಸಿ, ಅದರ ಮಾತಿಗೆ ಮನಸ್ಸಿಟ್ಟು ಉತ್ತರ ಕೊಡಬೇಕಾಗಿತ್ತು. ಅಲ್ಲಿ ಒಂದು ಕ್ಷಣ ತಾತ್ಸಾರ ಇಣುಕಿದರೂ ಗೊಂಬೆಯ ಜೀವ ಹೋಗುತ್ತದೆ.

ನಟಿ, ಗಾಯಕಿ ರೀಟಾ ಮೊರೆನೊ ಬಂದ ಮೊದಲ ಸರಣಿಯ ಕಂತನ್ನು ಇದಕ್ಕೆ ನಿದರ್ಶನವಾಗಿ ಯಾರಿಗಾದರೂ ತೋರಿಸಬಹುದು. ಆಕೆ ಮಂದ ಬೆಳಕಿನಲ್ಲಿ, ಪಿಸುದನಿಯ ಒಂದು ಪ್ರೇಮಗೀತೆಯನ್ನು ಹಾಡಲು ತೊಡಗುತ್ತಾರೆ. ಹಿಂದೆ ಡ್ರಮ್ ಬಾರಿಸುವವನು ಅನಿಮಲ್ ಎಂಬ ಕೆದರಿದ ಕೂದಲಿನ ಒರಟು ಗೊಂಬೆ. ಸಾಲು ಮುಗಿದು ಮೌನವಿರಬೇಕಾದ ಜಾಗದಲ್ಲಿ ಅವನು ಇದ್ದಕ್ಕಿದ್ದಂತೆ ಧಡಧಡನೆ ಬಾರಿಸುತ್ತಾನೆ. ಮೊರೆನೊ ಹಾಡು ನಿಲ್ಲಿಸಿ ಅವನತ್ತ ತಿರುಗಿ ನೋಡುತ್ತಾರೆ, ಮತ್ತೆ ಹಾಡುತ್ತಾರೆ. ಅವನು ಮತ್ತೆ ಬಾರಿಸುತ್ತಾನೆ. ಆಕೆ ಹತ್ತಿರ ಬಂದು, ನಗುಮುಖ ಮಾಸದಂತೆ, ಹಲ್ಲು ಕಚ್ಚಿ ಸ್ಪ್ಯಾನಿಷ್ ಭಾಷೆಯಲ್ಲಿ ಬೆದರಿಸುತ್ತಾರೆ. ಕೊನೆಗೆ ತಾಳ್ಮೆ ಮುಗಿದು ಎರಡು ದೊಡ್ಡ ತಾಳಗಳ ನಡುವೆ ಅವನ ತಲೆಯನ್ನೇ ಅಪ್ಪಳಿಸಿದಾಗ, ತತ್ತರಿಸುತ್ತಿರುವ ಅನಿಮಲ್ ಆಕೆಯನ್ನು ಮೆಚ್ಚಿ ಇಂಥ ಹೆಣ್ಣೇ ತನಗೆ ಬೇಕಾದವಳು ಎನ್ನುತ್ತಾನೆ. ಡ್ರಮ್ಮಿನ ನಿಜವಾದ ನಾದ ರಾನಿ ವೆರೆಲ್ ಎಂಬ ಬ್ರಿಟಿಷ್ ವಾದಕರದ್ದು, ಗೊಂಬೆಯ ಚಲನೆ ಮತ್ತು ಮಾತು ಫ್ರ್ಯಾಂಕ್ ಆಜ್ ಅವರದ್ದು. ಇಬ್ಬರ ಕೆಲಸ ಒಂದೇ ದೇಹದಿಂದ ಬಂದಂತೆ ಕಾಣುವುದಕ್ಕೆ ಮುಖ್ಯ ಕಾರಣ ಮೊರೆನೊ ಅವರ ಕಣ್ಣು. ಆಕೆ ಒಮ್ಮೆಯೂ ಗೊಂಬೆಯೊಂದಿಗೆ ನಟಿಸುತ್ತಿರುವವರಂತೆ ಕಾಣುವುದಿಲ್ಲ. ಹಾಡು ಕೆಡಿಸಿದ ಸಹವಾದಕನ ಮೇಲಿನ ಸಿಟ್ಟೇ ಆ ಕಣ್ಣಲ್ಲಿದೆ. ಈ ಕಂತಿನ ಅಭಿನಯಕ್ಕಾಗಿ 1977ರಲ್ಲಿ ಅವರಿಗೆ ಎಮ್ಮಿ ಪ್ರಶಸ್ತಿ ಬಂದದ್ದು ಯೋಗ್ಯವಾಗಿಯೇ ಇದೆ.

ಆರಂಭದಲ್ಲಿ ಗೊಂಬೆಗಳ ನಡುವೆ ನಿಲ್ಲಲು ದೊಡ್ಡ ತಾರೆಯರು ಹಿಂಜರಿದದ್ದುಂಟು. ಎರಡನೆಯ ಸರಣಿಯಲ್ಲಿ ಬ್ಯಾಲೆ ನೃತ್ಯದ ಮಹಾನ್ ಕಲಾವಿದ ರುಡಾಲ್ಫ್ ನುರೆಯೆವ್ ಬಂದು, ಆಳೆತ್ತರದ ಹಂದಿಯೊಂದನ್ನು ಜೊತೆಗಾತಿಯಾಗಿಸಿಕೊಂಡು ಕುಣಿದ ಮೇಲೆ ಆ ಸಂಕೋಚ ಕರಗಿತು. ಆ ಕಂತಿನಲ್ಲಿ ಸಂಸ್ಕೃತಿಯ ಕಾವಲುಗಾರನೆಂದು ತನ್ನನ್ನು ತಾನೇ ತಿಳಿದಿರುವ ಹದ್ದೊಂದು, ಅಂತೂ ನಮ್ಮ ರಂಗಕ್ಕೆ ಒಬ್ಬ ಉತ್ತಮ ಕಲಾವಿದ ಬರುತ್ತಿದ್ದಾನೆಂದು ಸಂಭ್ರಮಿಸಿ, ಸಾಧಾರಣ ಉಡುಪಿನಲ್ಲಿ ಒಳಬಂದ ನುರೆಯೆವ್ ಅವರನ್ನೇ ಗುರುತಿಸದೆ ಹೊರಗಟ್ಟಿಸುತ್ತದೆ. ಪೀಟರ್ ಸೆಲ್ಲರ್ಸ್ ಬಂದಾಗ ಕರ್ಮಿಟ್ ಅವರಿಗೆ, ಇಲ್ಲಿ ವೇಷವೆಲ್ಲ ಬೇಡ, ನೀವು ನೀವಾಗಿಯೇ ಇರಿ ಎಂದು ಉಪಚಾರದ ಮಾತಾಡುತ್ತಾನೆ. ಅದು ಆಗದ ಮಾತು, ‘ನಾನು’ ಎಂಬುದೊಂದು ಹಿಂದೆ ಇತ್ತು, ಶಸ್ತ್ರಚಿಕಿತ್ಸೆ ಮಾಡಿಸಿ ತೆಗೆಸಿಬಿಟ್ಟೆ ಎಂಬರ್ಥದ ಉತ್ತರ ಬರುತ್ತದೆ. ಬದುಕಿಡೀ ಬೇರೆಯವರ ದನಿಯಲ್ಲೇ ಮಾತಾಡಿದ ನಟನೊಬ್ಬ ಇಂಥ ಮಾತನ್ನು ಒಂದು ಕಪ್ಪೆಯ ಮುಂದೆ ಹೇಳಿದನೆಂಬುದು ನನ್ನನ್ನು ಬಹಳ ಕಾಡಿದೆ.

ತೊಗಲುಗೊಂಬೆಯಾಟದ ಕಿಳ್ಳೆಕ್ಯಾತನನ್ನು ಇಲ್ಲಿ ನೆನೆಯದೆ ಇರಲಾರೆ. ರಾಮಾಯಣದ ಗಂಭೀರ ಪ್ರಸಂಗದ ನಡುವೆ ಅವನೂ ಅವನ ಹೆಂಡತಿ ಬಂಗಾರಕ್ಕನೂ ನುಗ್ಗಿ, ಊರಿನ ಆಡುಮಾತಿನಲ್ಲಿ ಜಗಳವಾಡಿ, ದೊಡ್ಡವರ ಎದುರಿಗೂ ಬಾಯಿಗೆ ಬಂದದ್ದನ್ನು ಆಡುತ್ತಾರೆ. ದೇವರ ಎದುರಿಗೆ ಕೋಡಂಗಿಗೆ ಸಿಗುವ ಆ ಸಲಿಗೆಯೇ ತಾರೆಯರ ಎದುರಿಗೆ ಮಪೆಟ್‌ಗಳಿಗೂ ಸಿಕ್ಕಿದೆ. ಎರಡು ಕಡೆಯೂ ಸಲಿಗೆ ಕೊಟ್ಟದ್ದರಿಂದ ದೊಡ್ಡವರು ಸಣ್ಣವರಾಗಲಿಲ್ಲ.

ದುಡಿಯುವ ಅತಿಥಿ ಎಂದಾಗ ನನ್ನ ಕಣ್ಣ ಮುಂದೆ ಬರುವವರು ನಮ್ಮ ಹರಿಹರ, ಹೊನ್ನಾಳಿ, ಜಗಳೂರು ಕಡೆಯ ಹಳ್ಳಿ ನಾಟಕಗಳ ನಟಿಯರು. ಊರ ಹಬ್ಬಕ್ಕೋ ಜಾತ್ರೆಗೋ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡಿ ನಾಟಕ ಕಲಿತಿರುತ್ತಾರೆ. ಸ್ತ್ರೀ ಪಾತ್ರಗಳಿಗೆ ಮಾತ್ರ ಪೇಟೆಯಿಂದ ಕಲಾವಿದೆಯರನ್ನು ಕರೆಸುವುದು ವಾಡಿಕೆ. ನಾಟಕದ ದಿನ ಸಂಜೆ ಬಂದಿಳಿಯುವ ಆ ತಾಯಿ ಮೊದಲು ಹೋಗುವುದು ಹಾರ್ಮೋನಿಯಂ ಮಾಸ್ತರರ ಬಳಿಗೆ. ಯಾವ ಹಾಡು ಇಟ್ಟಿದ್ದೀರಿ, ಶ್ರುತಿ ಎಷ್ಟು, ಎಲ್ಲೆಲ್ಲಿ ಮಾತು ಕತ್ತರಿಸಿದ್ದೀರಿ ಎಂದು ವಿಚಾರಿಸಿ, ಊಟ ಮುಗಿಸಿ ಬಣ್ಣಕ್ಕೆ ಕೂರುತ್ತಾರೆ. ಹಿಂದೆಂದೂ ನೋಡದ ನಾಯಕನೊಂದಿಗೆ ಇಡೀ ರಾತ್ರಿ ಗಂಡ ಹೆಂಡತಿಯಾಗಿ ಅಭಿನಯಿಸಬೇಕು. ಅಂಥದೊಂದು ನಾಟಕದಲ್ಲಿ, ಹಗಲು ಮೆಕ್ಕೆಜೋಳದ ಹೊಲದಲ್ಲಿ ದುಡಿಯುವ ನಾಯಕ ನಡುರಾತ್ರಿಯ ದೃಶ್ಯದಲ್ಲಿ ಮಾತು ಮರೆತು ಕಲ್ಲಾಗಿ ನಿಂತದ್ದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಆಕೆ ಪಾತ್ರ ಬಿಡದೆ ಸೆರಗಿನಿಂದ ಅವನ ಹಣೆಯ ಬೆವರೊರೆಸಿ, “ಯಾಕ್ರೀ ಸುಮ್ಮನಾದ್ರಿ, ಅಣ್ಣ ಮನೆ ಬಿಟ್ಟು ಹೋಗು ಅಂದ್ನಾ?” ಎಂದು ಕೇಳಿದರು. ಅವನ ಮರೆತ ಮಾತು ಅದೇ ಆಗಿತ್ತು. ಅವನು ಹೌದೆಂದು ಗುಡುಗಿದಾಗ ಬಿದ್ದ ಚಪ್ಪಾಳೆ ಎಲ್ಲವೂ ಅವನಿಗೆ ಸಂದಿತು. ಅವನಿಗೇ ಸಲ್ಲುವಂತೆ ಮಾಡಿದ್ದು ಆಕೆಯ ಕಸುಬು.

ಈ ಕಸುಬಿಗೆ ಇಂದಿನ ನಮ್ಮ ಹಾಸ್ಯ ಕಾರ್ಯಕ್ರಮಗಳಲ್ಲಿ ಅವಕಾಶ ತೀರಾ ಕಡಿಮೆಯಾಗಿದೆ ಎಂಬುದೇ ನನ್ನ ನೋವು. ಕನ್ನಡ ವಾಹಿನಿಗಳಲ್ಲಿ ಹಳ್ಳಿಯ ರಂಗದಿಂದ ಬಂದ ಅಪ್ಪಟ ಹಾಸ್ಯ ಕಲಾವಿದರಿದ್ದಾರೆ, ಅವರ ಪ್ರಹಸನಗಳಿಗೆ ನಾನು ಮನಸಾರೆ ನಕ್ಕಿದ್ದೇನೆ. ಆದರೆ ಚಿತ್ರ ಬಿಡುಗಡೆಯ ವಾರದಲ್ಲಿ ಬರುವ ನಾಯಕ ನಟರನ್ನು ಹೂಮಳೆಗರೆದು ಸ್ವಾಗತಿಸಿ, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅವರದೇ ಸಂಭಾಷಣೆಯನ್ನು ಅವರ ಮುಂದೆ ಒಪ್ಪಿಸಿ, ಅವರು ನಕ್ಕರೆ ಧನ್ಯರಾದೆವೆಂಬಂತೆ ಕೈಮುಗಿಯುವುದು ರೂಢಿಯಾಗಿದೆ. ನಟನೆಂದು ಹೆಸರು ಪಡೆದವರಿಗೆ ನಟಿಸುವ ಕೆಲಸವನ್ನೇ ಕೊಡದಿರುವುದು ಅವರಿಗೂ ಅನ್ಯಾಯ. ಒಂದು ಪ್ರಹಸನದೊಳಗೆ ಅವರನ್ನು ಮನೆ ಬಾಡಿಗೆ ಕೇಳಲು ಬಂದವರಾಗಿಯೋ ಬಸ್ಸಿನ ಕಂಡಕ್ಟರಾಗಿಯೋ ನಿಲ್ಲಿಸಿದರೆ, ಅವರೊಳಗಿನ ಕಲಾವಿದ ಎಷ್ಟು ಬೇಗ ಹೊರಬರುತ್ತಾನೆಂಬುದನ್ನು ನಾವು ನೋಡಬಹುದಾಗಿತ್ತು. ನಮ್ಮ ಕಲಾವಿದರಿಗೆ ಆ ಶಕ್ತಿ ಇದೆ ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ.

ಮಪೆಟ್ ಶೋದಲ್ಲಿ ಟೀಕೆಗೂ ಕುರ್ಚಿ ಮೀಸಲಿತ್ತು. ಮೇಲಿನ ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು ಪ್ರತಿ ದೃಶ್ಯವನ್ನೂ ಹಳಿಯುತ್ತಾರೆ, ಪ್ರತಿ ವಾರವೂ ತಪ್ಪದೆ ಬರುತ್ತಾರೆ. ತೀರ್ಪುಗಾರರ ಅತಿಯಾದ ಹೊಗಳಿಕೆಯನ್ನು ಕೇಳಿ ದಣಿದ ಕಿವಿಗೆ ಅವರ ಬೈಗುಳ ಹಿತವಾಗಿರುತ್ತದೆ.

ಎಲ್ಲ ಕಂತುಗಳಲ್ಲಿ ನನ್ನ ಮನಸ್ಸು ನಿಂತಿರುವುದು ಮೂರನೆಯ ಸರಣಿಯಲ್ಲಿ ಹ್ಯಾರಿ ಬೆಲಫಾಂಟೆ ಬಂದ ಕಂತಿನಲ್ಲಿ. ಕೆರಿಬಿಯನ್ ಜನಪದದ ಮಟ್ಟುಗಳನ್ನು ಜಗತ್ತಿಗೆ ಮುಟ್ಟಿಸಿದ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆಗಿದ್ದ ಈ ಗಾಯಕ, ಅಲ್ಲಿ ಅನಿಮಲ್‌ನೊಂದಿಗೆ ಡ್ರಮ್ ಜುಗಲ್‌ಬಂದಿಯನ್ನೂ ನಡೆಸುತ್ತಾರೆ, ಕೊನೆಯಲ್ಲಿ ಆಫ್ರಿಕದ ಮೂಲದ ಒಂದು ಚಿಂತನೆಯನ್ನು ಕೆಲವೇ ಮಾತುಗಳಲ್ಲಿ ವಿವರಿಸಿ ಹಾಡುತ್ತಾರೆ. ನಾವೆಲ್ಲ ಬೆಂಕಿಯಿಂದ, ನೀರಿನಿಂದ, ಬೆಟ್ಟದಿಂದ ಬಂದವರು ಎಂಬುದು ಆ ಹಾಡಿನ ಸಾರ. ಹಾಡುತ್ತಿರುವಂತೆ ಆಫ್ರಿಕದ ಮುಖವಾಡಗಳ ಮಾದರಿಯಲ್ಲಿ ಈ ಹಾಡಿಗೆಂದೇ ಮಾಡಿದ ಗೊಂಬೆಗಳು ಕತ್ತಲಿನಿಂದ ಮೇಲೆದ್ದು ಅವರ ಸುತ್ತ ತೂಗಾಡುತ್ತವೆ. ಮುಖವಾಡವೆಂದರೆ ಪೂಜೆಗೆ ಸಲ್ಲುವ ವಸ್ತು ಎಂಬುದನ್ನು ಬಲ್ಲ ನಮ್ಮಂಥವರಿಗೆ, ಅವುಗಳನ್ನು ನಗೆಯ ಸರಕಾಗಿಸದ ಹೆನ್ಸನ್ ಅವರ ಎಚ್ಚರ ತಟ್ಟನೆ ತಿಳಿಯುತ್ತದೆ. ಅರ್ಧ ಗಂಟೆ ಚೇಷ್ಟೆ ಮಾಡಿದ ಅದೇ ರಂಗದ ಮೇಲೆ ಈ ಹಾಡು ಎಲ್ಲಿಯೂ ಹೊರಗಿನದೆನಿಸುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಬೆಲಫಾಂಟೆ ಆ ಕಂಪನಿಯ ಆಳಾಗಿ ದುಡಿದಿದ್ದಾರೆ, ಅದರ ತಮಾಷೆಗಳಿಗೆ ಮೈಯೊಡ್ಡಿದ್ದಾರೆ. 1990ರ ಮೇ ತಿಂಗಳಲ್ಲಿ ಹೆನ್ಸನ್ 53ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ನ್ಯೂಯಾರ್ಕಿನ ಶ್ರದ್ಧಾಂಜಲಿ ಸಭೆಯಲ್ಲಿ ಬೆಲಫಾಂಟೆ ಹಾಡಿದ್ದೂ ಇದೇ ಹಾಡನ್ನು.

ಹೊಸದಾಗಿ ನೋಡಬಯಸುವವರು ಮೊದಲ ಸರಣಿಯ ಮೊದಲ ಕಂತಿನಿಂದ ಹೊರಡಬೇಕಾಗಿಲ್ಲ. ಆಗ ಗೊಂಬೆಗಳ ರೂಪವೂ ಪಾತ್ರಗಳ ಸ್ವಭಾವವೂ ಇನ್ನೂ ಹದಕ್ಕೆ ಬಂದಿರಲಿಲ್ಲ. ಮೊರೆನೊ ಅವರ ಹಾಡನ್ನು ನೋಡಿ, ಅಲ್ಲಿಂದ ನೇರವಾಗಿ ಎರಡನೆಯ ಮತ್ತು ಮೂರನೆಯ ಸರಣಿಗಳಿಗೆ ಬರುವುದು ಒಳ್ಳೆಯದು. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಇಂಗ್ಲಿಷ್ ಮಾತುಗಳ ಶ್ಲೇಷೆಗಳು ಅವರಿಗೆ ಅರ್ಥವಾಗದಿದ್ದರೂ, ಬಾಣಸಿಗನ ಅಡುಗೆಮನೆ, ಅನಿಮಲ್‌ನ ಡ್ರಮ್ಮು ಮತ್ತು ಮಿಸ್ ಪಿಗ್ಗಿಯ ಏಟಿಗೆ ಯಾವ ಭಾಷೆಯೂ ಬೇಕಾಗಿಲ್ಲ. ಹಳ್ಳಿ ನಾಟಕ ಆಡಿಸುವ ಗೆಳೆಯರು ಮಾತ್ರ ಅತಿಥಿಗಳ ಕಣ್ಣನ್ನು ಗಮನವಿಟ್ಟು ನೋಡಬೇಕೆಂದು ನನ್ನ ಕೋರಿಕೆ. ಎದುರಿನ ಪಾತ್ರಧಾರಿಯ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕೆಂಬುದು ತಾಲೀಮಿನಲ್ಲಿ ಹೇಳಿಕೊಡಲು ಬಹಳ ಕಷ್ಟವಾದ ಸಂಗತಿ, ಅದು ಇಲ್ಲಿ ಕಣ್ಣಿಗೇ ಕಾಣುತ್ತದೆ.