ಮಾಲ್ಡೀವ್ಸ್‌ನಲ್ಲಿ ರೂಮಿನ ರೇಟು ಆಮೇಲೆ, ದೋಣಿ ರೇಟು ಮೊದಲು ಕೇಳಿ

ಮಾಲ್ಡೀವ್ಸ್‌ಗೆ ಹೊರಟವರು ರೂಮು ಅಗ್ಗವಾಗಿ ಸಿಕ್ಕಿತು ಅಂತ ಕುಣಿಯಬೇಡಿ. ನಾವು ಹಿಡಿದ ಗೆಸ್ಟ್‌ಹೌಸಿನ ಬಾಡಿಗೆ ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ದುಡ್ಡು ಕಟ್ಟಿದ ಮರುದಿನ ವಾಟ್ಸಾಪ್‌ನಲ್ಲಿ ಮೆಸೇಜು ಬಂತು: ಸ್ಪೀಡ್‌ಬೋಟ್ ಚಾರ್ಜು ಬೇರೆ, ಹೋಗೋದಕ್ಕೊಂದು, ಬರೋದಕ್ಕೊಂದು, ಅದೂ ಡಾಲರ್‌ನಲ್ಲಿ. ಇಬ್ಬರದೂ ಕೂಡಿದರೆ ಎರಡು ರಾತ್ರಿಯ ಬಾಡಿಗೆಗಿಂತ ಜಾಸ್ತಿ! ಹೊರಡುವ ದಿನ ಬಿಲ್ಲಿನಲ್ಲಿ ಇನ್ನೂ ಮೂರು ಸಾಲು. ಸರ್ವಿಸ್ ಚಾರ್ಜು 10 ಪರ್ಸೆಂಟ್, ಪ್ರವಾಸಿ ಜಿಎಸ್‌ಟಿ 17 ಪರ್ಸೆಂಟ್, ಮೇಲೆ ಗ್ರೀನ್ ಟ್ಯಾಕ್ಸ್ ತಲೆಗೆ ದಿನಕ್ಕೆ 6 ಡಾಲರ್. ತೆರಿಗೆ ಸರ್ಕಾರದ್ದು, ಅದಕ್ಕೆ ತಕರಾರಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ರೇಟಿನ ಪಕ್ಕದಲ್ಲಿ ಪ್ಲಸ್ ಪ್ಲಸ್ ಗುರುತು (ಅಂದರೆ ಸರ್ವಿಸ್ ಚಾರ್ಜು, ತೆರಿಗೆ ಬೇರೆ) ಇತ್ತಲ್ಲ ಸಾರ್ ಅಂತ ಗೆಸ್ಟ್‌ಹೌಸಿನವನು ನಗ್ತಾನೆ. ನೀವು ಹಾಗೆ ಬಿಡಬೇಡಿ. ದೋಣಿ, ತೆರಿಗೆ ಎಲ್ಲಾ ಸೇರಿ ಒಟ್ಟು ಎಷ್ಟು ಅಂತ ಬರೆಸಿಕೊಂಡೇ ದುಡ್ಡು ಕಟ್ಟಿ.

ಇನ್ನು ಆ ಸ್ಪೀಡ್‌ಬೋಟು. ಮುಂದಿನ ಸೀಟು ಖಾಲಿ ಇದೆ ಅಂತ ಹೋಗಿ ಕೂತವರ ಸೊಂಟ ಉಳಿಯಲ್ಲ. ಅಲೆ ಸಿಕ್ಕಾಗ ಮೂತಿ ಮೇಲೆದ್ದು ಧಡ್ ಅಂತ ನೀರಿಗೆ ಬಡಿಯುತ್ತೆ, ಆ ಏಟೆಲ್ಲ ಮುಂದೆ ಕೂತವರಿಗೇ. ಪಕ್ಕದಲ್ಲಿದ್ದ ಹುಡುಗ ತನ್ನ ಬ್ಯಾಗನ್ನೇ ಅಡಿಗೆ ಹಾಕಿಕೊಂಡು ಕೂತ. ಹಿಂದೆ ಕೂತರೆ ಡೀಸೆಲ್ ವಾಸನೆ, ಬಟ್ಟೆಯೂ ಒದ್ದೆ, ಆದರೂ ಅದೇ ವಾಸಿ. ಮೇಯಿಂದ ಅಕ್ಟೋಬರ್‌ವರೆಗೆ ನಮ್ಮ ಕರಾವಳಿಗೆ ಬರುವ ಮುಂಗಾರೇ ಅಲ್ಲೂ ಬೀಸುತ್ತೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಆ ತಿಂಗಳುಗಳಲ್ಲಿ ಹೋಗಲೇಬೇಡಿ. ರಾಜಧಾನಿಗೆ ಹತ್ತಿರದ ಮಾಫುಷಿಯಂಥ ದ್ವೀಪಕ್ಕೆ ಸರ್ಕಾರಿ ಫೆರ್ರಿ ಇದೆ. ನಿಧಾನ, ಆದರೆ ತುಂಬಾ ಅಗ್ಗ, ಕುಲುಕಾಟವೂ ಕಡಿಮೆ. ಶುಕ್ರವಾರ ಮಾತ್ರ ಅದನ್ನು ನಂಬಬೇಡಿ.

ದ್ವೀಪದಲ್ಲಿ ಕಳೆದ ದಿನಗಳ ಬಗ್ಗೆ ಬರೆಯುವುದು ಏನೂ ಇಲ್ಲ. ನೀಲಿ ನೀರು, ಬಿಳಿ ಮರಳು, ಫೋಟೋದಲ್ಲಿ ಇದ್ದ ಹಾಗೇ ಇದೆ.

ನನಗೆ ಹಿಡಿಸಿದ್ದು ಮಾಲೆ. ಅದು ರಾಜಧಾನಿ, ಆದರೆ ಏರ್‌ಪೋರ್ಟಿನಿಂದ ಸೀದಾ ರೆಸಾರ್ಟಿಗೆ ಹೋಗುವವರು ಅದನ್ನು ನೋಡುವುದೇ ಇಲ್ಲ. ಏರ್‌ಪೋರ್ಟ್ ಇರುವುದು ಹುಲುಲೆ ಅನ್ನುವ ಬೇರೆ ದ್ವೀಪದಲ್ಲಿ. 2018ರಲ್ಲಿ ಸೇತುವೆ ಆದ ಮೇಲೆ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಮಾಲೆಗೆ ಹೋಗಬಹುದು, ಮೊದಲಾದರೆ ದೋಣಿಯೇ ಗತಿ. ಸುಮಾರು 2 ಚದರ ಕಿಲೋಮೀಟರ್ ಜಾಗದಲ್ಲಿ ಲಕ್ಷಕ್ಕೂ ಮೀರಿ ಜನ. ಎಲ್ಲಿ ನೋಡಿದರೂ ಸ್ಕೂಟರು. ಚಿಕ್ಕಪೇಟೆ ಸುತ್ತಿ ಬೆಳೆದವನಿಗೆ ಇದೇನು ದೊಡ್ಡ ನೂಕುನುಗ್ಗಲಲ್ಲ. ಗದ್ದಲ ಆಗದವರು ಬೆಳಗ್ಗೆ ಬೇಗ ಹೋಗಿ ಹುಕುರು ಮಿಸ್ಕಿ ನೋಡಿ ಬಂದುಬಿಡಿ. 1658ರ ಮಸೀದಿ. ಗೋಡೆಗೆ ಹವಳದ ಕಲ್ಲು, ಒಂದಕ್ಕೊಂದು ಕಚ್ಚುವ ಹಾಗೆ ಕೆತ್ತಿ ಕೂರಿಸಿದ್ದಾರೆ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ.

ಅಲ್ಲಿಂದ ನಡೆದು ಹೋದರೆ ಮೀನು ಮಾರ್ಕೆಟ್ಟು. ಅದರ ಆಸುಪಾಸಿನಲ್ಲಿ ಹೊಟಾ ಅನ್ನುವ ಚಹಾ ಅಂಗಡಿಗಳಿವೆ. ಬೋರ್ಡು ನೋಡಬೇಡಿ, ಕೂಲಿಯವರು ತುಂಬಿರುವ ಅಂಗಡಿಗೆ ನುಗ್ಗಿ. ಕೂರುವಷ್ಟರಲ್ಲಿ ಟೇಬಲ್ ತುಂಬ ಪುಟ್ಟ ಪುಟ್ಟ ತಟ್ಟೆ ತಂದಿಟ್ಟರು. ಕರಿದ ಬಜಿಯಾ, ಉಂಡೆಯಂಥ ಗುಳ್ಹ, ಒಳಗೆ ಮೀನು ತುಂಬಿದ ಮಸ್‌ರೋಶಿ. ತಿಂದಷ್ಟಕ್ಕೆ ಮಾತ್ರ ದುಡ್ಡು, ಉಳಿದದ್ದು ವಾಪಸ್ಸು. ಬೆಳಗ್ಗೆಯಾದರೆ ಮಸ್ ಹುನಿ ಕೇಳಿ. ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ನಿಂಬೆಹುಳಿ ಎಲ್ಲವನ್ನೂ ಕೈಯಲ್ಲೇ ಕಿವುಚಿ, ಚಪಾತಿಯಂಥ ಬಿಸಿ ರೋಶಿ ಜೊತೆ ಕೊಡ್ತಾರೆ. ನಾನು ಎರಡನೇ ಸಲ ಹಾಕಿಸಿಕೊಂಡೆ. ಸಿಹಿ ಕಪ್ಪು ಚಹಾ ಸೇರಿ ಇಬ್ಬರಿಗೂ 100 ರುಫಿಯಾ (ಅಲ್ಲಿನ ದುಡ್ಡು) ದಾಟಲಿಲ್ಲ. ದ್ವೀಪದ ಗೆಸ್ಟ್‌ಹೌಸಿನಲ್ಲಿ ಆ ದುಡ್ಡಿಗೆ ಒಂದು ಸ್ಯಾಂಡ್‌ವಿಚ್ ಬರ್ತಿರಲಿಲ್ಲ. ಸಸ್ಯಾಹಾರಿಗಳು ಮಾತ್ರ ಹುಷಾರು, ನೋಡೋಕೆ ಸಮೋಸ ಥರ ಇದ್ದರೂ ಒಳಗೆ ಮೀನೇ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಮದ್ಯದ ಬಾಟಲಿ ಮಾತ್ರ ಕಟ್ಟಿಕೊಂಡು ಹೋಗಬೇಡಿ, ಏರ್‌ಪೋರ್ಟಿನಲ್ಲೇ ತೆಗೆದಿಟ್ಟುಕೊಳ್ತಾರೆ. ಡಾಲರ್ ಬಹಳ ಕಡೆ ನಡೆಯುತ್ತೆ, ಆದರೂ ಹೊಟಾದಂಥ ಕಡೆಗೆ ಸ್ವಲ್ಪ ರುಫಿಯಾ ಇರಲಿ. ಹೋಗುವ ಮೊದಲು, ಅಂದರೆ ವಿಮಾನಕ್ಕೆ ಮುಂಚಿನ 96 ಗಂಟೆಯೊಳಗೆ, ಇಮುಗಾ ಅನ್ನುವ ಸರ್ಕಾರಿ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳಿದರೆ ಅದು ಸರ್ಕಾರದ ಸೈಟ್ ಅಲ್ಲ, ಮುಚ್ಚಿಬಿಡಿ. ವಾಪಸ್ ವಿಮಾನ ಶುಕ್ರವಾರ ಇದ್ದರೆ ಗುರುವಾರದ ಫೆರ್ರಿಗೇ ಮಾಲೆಗೆ ಬಂದುಬಿಡಿ. ಏರ್‌ಪೋರ್ಟಿನ ಪಕ್ಕದ ದ್ವೀಪ ಹುಲುಮಾಲೆಯಲ್ಲಿ ರೂಮು ಹಿಡಿದರೆ ಏರ್‌ಪೋರ್ಟಿಗೆ ರಸ್ತೆ ಇದೆ, ದೋಣಿಯವನ ಕೈ ಕಾಯಬೇಕಾಗಿಲ್ಲ.