ಗುರುತಿಲ್ಲದವರಿಗೆ ನೆರವಾಗುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಗದಗಿನಲ್ಲಿ ನೆಲೆಸಿದ ಮೇಲೆ ಪರಿಚಯದ ತರುಣರು, ಅದರಲ್ಲಿಯೂ ಹುಬ್ಬಳ್ಳಿ-ಧಾರವಾಡದಲ್ಲಿ ಓದುವ ಹುಡುಗ ಹುಡುಗಿಯರು, ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: “ಸರ್, ದಿನಾ ಯಾರಿಗಾದ್ರೂ ಏನಾರ ಉಪಕಾರ ಮಾಡಬೇಕು ಅನ್ನಸ್ತದ. ಆದ್ರ ಗುರ್ತಿಲ್ಲದವರನ್ನ ಹೆಂಗ ಮಾತಾಡ್ಸೋದ್ರಿ? ಅವರು ಸಂಶಯ ಪಟ್ರ? ನಾವ ತೊಂದ್ರ್ಯಾಗ ಸಿಕ್ಕೊಂಡ್ರ?” ಈ ಅಳುಕು ನ್ಯಾಯವಾದದ್ದೇ. ನನ್ನ ಉತ್ತರ ಚಿಕ್ಕದು: ನೆರವು ನೀಡುವಾಗ ಹಿಡಿತವನ್ನು ಆ ವ್ಯಕ್ತಿಯ ಕೈಯಲ್ಲಿಯೇ ಬಿಡಿ. ಏನು ಬೇಕು, ಎಷ್ಟು ಬೇಕು, ಬೇಕೋ ಬೇಡವೋ ಎಂಬುದನ್ನು ಅವರೇ ಹೇಳುವಂತಾದರೆ ಸಂಶಯಕ್ಕೆ ಅರ್ಧದಷ್ಟು ಕಾರಣವೇ ಉಳಿಯುವುದಿಲ್ಲ.

ಗದಗಿನವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ವೀರೇಶ್ವರ ಪುಣ್ಯಾಶ್ರಮ ಇರುವುದು ನಮ್ಮ ಊರಿನಲ್ಲಿ. ಪಂಚಾಕ್ಷರಿ ಗವಾಯಿಗಳು ನಡೆಸಿದ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಮುನ್ನಡೆಸಿದ ಈ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಅನ್ನ, ವಸತಿಯ ಜೊತೆಗೆ ಸಂಗೀತವನ್ನೂ ಪಡೆದು, ಅದರಿಂದಲೇ ಮುಂದೆ ಬದುಕು ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಗುರುಗಳಿಬ್ಬರೂ ಸ್ವತಃ ಅಂಧರಾಗಿದ್ದರು. ಕನಿಕರಕ್ಕಿಂತ ಕಲಿಕೆ ದೊಡ್ಡದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟಾದರೂ ನಮ್ಮ ಬಸ್ ನಿಲ್ದಾಣದಲ್ಲಿ ಅಂಧರೊಬ್ಬರು ಇಳಿದರೆ ಸಾಕು, ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಅವರ ಬಿಳಿ ಕೋಲಿನ ತುದಿ ಹಿಡಿದು ಎಳೆದುಕೊಂಡು ಹೊರಡುತ್ತಾರೆ. ಆ ಕೋಲು ಅವರಿಗೆ ನೆಲವನ್ನು ತೋರಿಸುವ ಸಾಧನ. ಅದನ್ನು ಹಿಡಿದುಕೊಂಡರೆ ಕಲ್ಲು, ಗಟಾರು, ಮೆಟ್ಟಿಲು ಯಾವುದೂ ಅವರಿಗೆ ತಿಳಿಯದು.

ಸರಿಯಾದ ಕ್ರಮ ಹೀಗಿದೆ. ಮೊದಲು ಎದುರಿನಿಂದ ಬಂದು, ಮುಟ್ಟದೆ, ಮಾತಿನಿಂದ ಕೇಳಬೇಕು: “ಎಲ್ಲಿಗೆ ಹೊಂಟೀರಿ ಸರ್? ನಾನು ಜೋಡಿ ಬರ್ಲೇನ್ರಿ?” ಹೂಂ ಎಂದರೆ ನಾವು ಅವರ ಕೈ ಹಿಡಿಯುವ ಬದಲು ನಮ್ಮ ತೋಳನ್ನು ಅವರ ಕೈಗೆ ತಾಗಿಸಬೇಕು, ಮೊಣಕೈಗಿಂತ ತುಸು ಮೇಲೆ ಅವರೇ ಹಿಡಿದುಕೊಳ್ಳುತ್ತಾರೆ. ಅರ್ಧ ಹೆಜ್ಜೆ ಮುಂದೆ ನಡೆದರೆ ನಮ್ಮ ಮೈಯ ಚಲನೆಯಿಂದಲೇ ತಿರುವು ಅವರಿಗೆ ಗೊತ್ತಾಗುತ್ತದೆ. ಮೆಟ್ಟಿಲು ಬಂದಾಗ ಒಂದು ಕ್ಷಣ ನಿಂತು, ಅದು ಏರುವುದೋ ಇಳಿಯುವುದೋ ಹೇಳಬೇಕು. ಕೂಡ್ರಿಸುವಾಗ ಭುಜ ಹಿಡಿದು ಕೆಳಗೆ ಒತ್ತುವುದು ಬೇಡ. ಕುರ್ಚಿಯ ಬೆನ್ನಿನ ಮೇಲೆ ಅವರ ಕೈಯಿಡಿಸಿದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಕೊನೆಗೆ “ನಾ ಬರ್ತೀನ್ರಿ” ಎಂದು ಹೇಳಿಯೇ ಹೊರಡಬೇಕು, ಇಲ್ಲವಾದರೆ ಅವರು ಖಾಲಿ ಜಾಗದೊಡನೆ ಮಾತನಾಡುತ್ತ ನಿಲ್ಲುವ ಮುಜುಗರ ಉಂಟಾಗುತ್ತದೆ. ಇದಕ್ಕೆ ಎರಡು ನಿಮಿಷ ಸಾಕು, ಹಣವಂತೂ ಬೇಕಿಲ್ಲ.

ನನ್ನ ವೃತ್ತಿಯ ಕಡೆಯಿಂದ ಹೇಳುವುದಾದರೆ, ಸಂಶಯದ ಪ್ರಶ್ನೆ ತೀವ್ರವಾಗುವುದು ಎಟಿಎಮ್ಮಿನಲ್ಲಿ. ಸಹಾಯದ ಸೋಗಿನಲ್ಲಿ ಮುದುಕರ ಕಾರ್ಡನ್ನು ಬದಲಿಸಿ ಹಣ ಎತ್ತುವ ವಂಚಕರ ಹಾವಳಿ ಎಲ್ಲ ಕಡೆಗೂ ಇದ್ದೇ ಇದೆ. ಆದ್ದರಿಂದ ಅಜ್ಜನೊಬ್ಬ ನಿಮ್ಮನ್ನು ಕಂಡು ಕಾರ್ಡನ್ನು ಜೇಬಿಗೆ ಸೇರಿಸಿದರೆ ಬೇಸರಿಸಬೇಡಿ, ಆತ ಸರಿಯಾಗಿಯೇ ಮಾಡುತ್ತಿದ್ದಾನೆ. ಆತನೇ ಕರೆದು ಕೇಳಿದರೂ ಕಾರ್ಡು ಮುಟ್ಟದಿರಿ, ಪಿನ್ ಕೇಳದಿರಿ. ತುಸು ದೂರ ನಿಂತು ಪರದೆಯ ಮೇಲಿನ ಅಕ್ಷರ ಓದಿ ಹೇಳಿ, ಪಿನ್ ಒತ್ತುವಾಗ ಅವರಿಗೆ ಕಾಣುವಂತೆ ಬೆನ್ನು ತಿರುಗಿಸಿ. ಮೊಬೈಲಿಗೆ ಬಂದ ಒಟಿಪಿಗೂ ಇದೇ ನಿಯಮ. ಬ್ಯಾಂಕಿನ ಒಳಗೆ ಹಣ ತೆಗೆಯುವ ಚೀಟಿ ತುಂಬಿಕೊಡುವುದು ಇದಕ್ಕಿಂತ ಸಲೀಸು; ಆದರೆ ತುಂಬಿದ ಮೇಲೆ ಮೊತ್ತವನ್ನು ಗಟ್ಟಿಯಾಗಿ ಓದದೆ, ಅವರಿಗಷ್ಟೇ ಕೇಳುವಂತೆ ಹೇಳಿ, ಆಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಲು ಬಿಡಬೇಕು. ಸಾಲಿನಲ್ಲಿ ನಿಂತ ಊರ ಜನರಿಗೆಲ್ಲ ಒಬ್ಬ ರೈತನ ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಸುವುದು ಉಪಕಾರದ ಲೆಕ್ಕಕ್ಕೆ ಬರುವುದಿಲ್ಲ.

ಆಸ್ಪತ್ರೆಯ ಮಾತು ಬೇರೆ. ಹುಬ್ಬಳ್ಳಿಯಲ್ಲಿ ಇಂದಿಗೂ ಜನ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಗೆ ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರಿಗೆ ನೂರು ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, “ರೇಶನ್ ಕಾರ್ಡು, ಆಧಾರ್ ಕಾರ್ಡು ತಂದೀರೇನ್ರಿ ಅಕ್ಕಾರ?” ಎಂದು ಕೇಳುವುದು ಅನೇಕ ಸಲ ಹೆಚ್ಚಿನ ನೆರವು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ಸಿಗುತ್ತದೆ. ಅವಸರದಲ್ಲಿ ಹೊರಟು ಬಂದವರ ಕಾರ್ಡು ಮನೆಯ ಟ್ರಂಕಿನಲ್ಲಿಯೇ ಉಳಿದಿರುತ್ತದೆ. ಊರಿಗೆ ಫೋನು ಹಚ್ಚಿ, ಮರುದಿನ ಬರುವವರ ಕೈಯಲ್ಲಿ ಅದನ್ನು ತರಿಸಿರೆಂದು ಹೇಳಿ, ಯೋಜನೆಯ ಕೌಂಟರ್ ಎಲ್ಲಿದೆಯೆಂದು ತೋರಿಸಿದರೆ ಆಯಿತು. ಯಾವ ವೈದ್ಯರು ಒಳ್ಳೆಯವರು, ಯಾವ ಔಷಧಿ ಬೇಡ ಎಂಬ ನಮ್ಮ ಪಾಂಡಿತ್ಯ ಅಲ್ಲಿ ಯಾರಿಗೂ ಬೇಕಿಲ್ಲ.

ಇನ್ನು “ತೊಂದ್ರ್ಯಾಗ ಸಿಕ್ಕೊಂಡ್ರ?” ಎಂಬ ಭಯ. ಧಾರವಾಡ, ಹುಬ್ಬಳ್ಳಿ, ಹಾವೇರಿಗಳನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರು ಈ ಮಾತನ್ನು ಹೆಚ್ಚಾಗಿ ಅಪಘಾತದ ಸಂದರ್ಭದಲ್ಲಿ ಆಡುತ್ತಾರೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನೇ ಪೊಲೀಸ್ ಠಾಣೆ, ನ್ಯಾಯಾಲಯ ಎಂದು ಅಲೆಯಬೇಕಾದೀತೆಂಬ ಹಳೆಯ ಅಂಜಿಕೆ ಇದು. ಪರಿಸ್ಥಿತಿ ಬದಲಾಗಿದೆ. ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಪ್ರತಿಫಲ ಬಯಸದೆ ಒಳ್ಳೆಯ ಉದ್ದೇಶದಿಂದ ನೆರವಾದವನ ಮೇಲೆ, ಗಾಯಾಳು ಬದುಕುಳಿಯದಿದ್ದರೂ, ಅದಕ್ಕಾಗಿ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬೀಳುವುದಿಲ್ಲ. ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಮೊದಲು 108ಕ್ಕೆ ಕರೆ ಮಾಡಿ, ಸ್ಥಳವನ್ನು ಹತ್ತಿರದ ಸೇತುವೆ, ಧಾಬಾ, ಕಿಲೋಮೀಟರ್ ಕಲ್ಲಿನ ಗುರುತಿನಿಂದ ಸ್ಪಷ್ಟವಾಗಿ ಹೇಳಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕುವುದನ್ನು ತಡೆಯಿರಿ. ನಮ್ಮ ಕಡೆ ಎಲ್ಲರೂ ಮೊದಲು ಓಡುವುದು ನೀರಿನ ಬಾಟಲಿಗೇ, ಆದರೆ ಆ ನೀರು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ಗಾಯಾಳುವಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯುವವರನ್ನು ಗದರಿಸುವ ಹಕ್ಕು ಅಲ್ಲಿರುವ ಪ್ರತಿಯೊಬ್ಬರಿಗೂ ಇದೆಯೆಂದೇ ನನ್ನ ಅಭಿಪ್ರಾಯ.

ಭಿಕ್ಷೆಗೆ ಚಿಲ್ಲರೆ ಕೊಡಬೇಕೋ ಬೇಡವೋ ಎಂದೂ ಕೆಲವರು ಕೇಳುತ್ತಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಕೊಡುವುದಾದರೆ ಉಪದೇಶವಿಲ್ಲದೆ ಕೊಡಿ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತವನನ್ನು ನೀನೇಕೆ ದುಡಿದು ತಿನ್ನುವುದಿಲ್ಲವೆಂದು ಯಾರೂ ವಿಚಾರಿಸುವುದಿಲ್ಲ, ಕಾರಿನಲ್ಲಿ ಬಂದವರೂ ಅದೇ ಸಾಲಿನಲ್ಲಿ ಉಣ್ಣುತ್ತಾರೆ.

ಕೇಳಿದಾಗ “ಬ್ಯಾಡ್ರಿ” ಎಂಬ ಉತ್ತರ ಬರುವುದೂ ಉಂಟು. ಅದನ್ನು ಒಂದೇ ಸಲಕ್ಕೆ ಒಪ್ಪಿಕೊಂಡು, “ಆತ್ರಿ” ಎಂದು ಮುಂದೆ ಸಾಗಬೇಕು. ಬೇಡವೆಂದವರ ಕೈಚೀಲವನ್ನು ಕಸಿದುಕೊಂಡು ಹೊರುವ ಹುರುಪಿನಿಂದಲೇ ಎಷ್ಟೋ ಮುದುಕಿಯರು ಬಸ್ಸಿನಲ್ಲಿ ಗಾಬರಿಯಾಗುವುದನ್ನು ನೋಡಿದ್ದೇನೆ.

ಆರಂಭಿಸಲು ಜಾಗ ಹುಡುಕುತ್ತಿರುವವರಿಗೆ ನಾನು ಸೂಚಿಸುವುದು ಹತ್ತಿರದ ಬ್ಯಾಂಕು ಅಥವಾ ಅಂಚೆ ಕಚೇರಿ. ಪಿಂಚಣಿ ಜಮೆಯಾಗುವ ವಾರದಲ್ಲಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ದಾರಕ್ಕೆ ಕಟ್ಟಿದ ಅಲ್ಲಿಯ ಪೆನ್ನು ಬಹುತೇಕ ಬರೆಯುವುದಿಲ್ಲ, ಆದ್ದರಿಂದ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡಿರಿ.