ಹೆಜ್ಜಾರ್ಲೆ ಮರಿಗಳ ಆವರಣ: ಜನವರಿಯಿಂದ ಮೇವರೆಗಿನ ಕೆಲಸದ ದಾಖಲೆ

ಶಿಂಷಾ ನದಿಯ ಆಸುಪಾಸಿನ ಹುಣಸೆ ಮರಗಳಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಸಾಕಿ ಬಿಡುವ ಆವರಣದ ಈ ಹಂಗಾಮಿನ ದಾಖಲೆ ಇದು. ಕೆಲಸವೇನೂ ಹೊಸದಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಮತ್ತು ಊರಿನ ಹೆಜ್ಜಾರ್ಲೆ ಬಳಗ ತೊಂಬತ್ತರ ದಶಕದಿಂದಲೂ ಮಾಡಿಕೊಂಡು ಬಂದದ್ದೇ. ಅರಣ್ಯ ಇಲಾಖೆಯ ಅನುಮತಿ, ಕರೆದಾಗ ಬರುವ ಪಶುವೈದ್ಯರು ಇವೆರಡೂ ಇಲ್ಲದೆ ಇದಕ್ಕೆ ಕೈ ಹಾಕುವಂತಿಲ್ಲ. ನೋಡಿದವರಿಗೆ ಮೀನು ಹೊಂದಿಸುವುದೇ ದೊಡ್ಡ ಕೆಲಸ ಅನಿಸುತ್ತದೆ. ನಿಜಕ್ಕೂ ತಲೆ ತಿನ್ನುವುದು ನೆಲ ಮತ್ತು ನೀರು.

ಜನವರಿ: ಮರಿ ಕೈಗೆ ಬಂದಾಗ

ಗೂಡಿನಲ್ಲಿ ಒಡಹುಟ್ಟುಗಳ ತಳ್ಳಾಟ, ಗಾಳಿ, ಒಣ ಕೊಂಬೆ ಮುರಿಯುವುದು – ಬೀಳಲು ಇವೇ ಕಾರಣ. ಎತ್ತಿಕೊಳ್ಳುವಾಗ ಒಂದು ಕೈ ಕೊಕ್ಕಿನ ಮೇಲೆ, ಮೇಲ್ಗೊಕ್ಕು ಕೆಳಗೊಕ್ಕಿನ ನಡುವೆ ಒಂದು ಬೆರಳು. ಹೆಜ್ಜಾರ್ಲೆಯ ಹೊರ ಮೂಗಿನ ಹೊಳ್ಳೆಗಳು ಮುಚ್ಚಿರುತ್ತವೆ, ಉಸಿರಾಟವೆಲ್ಲ ಬಾಯಿಂದಲೇ. ಕಚ್ಚುತ್ತದೆಂದು ಕೊಕ್ಕಿಗೆ ಟೇಪ್ ಸುತ್ತಿದರೆ ಡಬ್ಬದೊಳಗೇ ಉಸಿರುಗಟ್ಟಿ ಸಾಯುತ್ತದೆ.

ತುಸು ಬೆಳೆದ ಮರಿಯ ಎದೆಯ ಚರ್ಮ ಒತ್ತಿದರೆ ಮಂಡಕ್ಕಿ ಹಿಸುಕಿದಂತೆ ಚರಚರ ಅನ್ನುತ್ತದೆ. ಗಾಳಿಚೀಲ ಒಡೆದಿದೆಯೆಂದು ಗಾಬರಿ ಬೇಡ. ಈ ಹಕ್ಕಿಯ ಚರ್ಮದಡಿ ಗಾಳಿ ಇರುವುದು ಸಹಜ. ಹಾಗಾಗಿ ಎದೆಭಾಗದಲ್ಲಿ ಚರ್ಮದಡಿ ಡ್ರಿಪ್ ಕೊಡುವ ಯೋಚನೆಯನ್ನೂ ಬಿಡಬೇಕು.

ಕ್ರಮ ಒಂದೇ: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಮೀನು. ತುಪ್ಪಳದ ಮರಿಗೆ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಲ್ಬು, ಅಲ್ಲಿ 30–32 ಡಿಗ್ರಿ ಸೆಲ್ಸಿಯಸ್. ಸೆಕೆಯಾದರೆ ಮರಿಯೇ ಆಚೆ ಸರಿಯುತ್ತದೆ. ಪಾದ ಮುಟ್ಟಿದರೆ ಬೆಚ್ಚಗಿದೆ ಅನಿಸಿದ ಮೇಲೆ ಉಗುರುಬೆಚ್ಚಗಿನ ಓಆರ್‌ಎಸ್, ಟ್ಯೂಬಿನಲ್ಲಿ. ಎರಡು ಕೆ.ಜಿ. ಮರಿಗೆ ಮೊದಲ ಸಲ 40–60 ಮಿ.ಲೀ. ಸಾಕು. ಕಿರಿದಾದ ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ. ಅದನ್ನು ತಪ್ಪಿಸಿ ಟ್ಯೂಬನ್ನು ಅನ್ನನಾಳಕ್ಕೆ ಇಳಿಸಬೇಕು. ತಣ್ಣಗಾಗಿ, ಮೈಯ ನೀರಿನಂಶ ಒಣಗಿದ ಮರಿಗೆ ನೇರ ಮೀನು ಕೊಟ್ಟರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ‘ಪಾಪ, ಹಸಿದಿದೆ’ ಅಂತ ಊರವರು ಮೀನು ತುರುಕಿ ತಂದ ಮರಿಗಳದ್ದೇ ಹೆಚ್ಚಿನ ತಲೆನೋವು.

ಫೆಬ್ರವರಿ: ನೆಲ

ಈ ಸೀಮೆಯಲ್ಲಿ ಭತ್ತದ ಹುಲ್ಲು ಪುಕ್ಕಟೆ, ಮೆತ್ತಗೂ ಇರುತ್ತದೆ. ಆದರೆ ಒದ್ದೆ ಹುಲ್ಲಿನ ಬೂಷ್ಟಿನಿಂದ ಶ್ವಾಸಕೋಶಕ್ಕೆ ಆಸ್ಪರ್ಜಿಲೋಸಿಸ್ ಎಂಬ ಶಿಲೀಂಧ್ರ ರೋಗ ಹತ್ತಿದರೆ ನೀರಹಕ್ಕಿ ಉಳಿಯುವುದು ಅಪರೂಪ. ಹುಲ್ಲು ಪೂರ್ತಿ ಬಂದ್. ಬರಿಯ ಸಿಮೆಂಟಿನ ಮೇಲೆ ಅಂಗಾಲು, ಕಾಲುಗಂಟುಗಳಲ್ಲಿ ಹುಣ್ಣಾಗುತ್ತದೆ. ನುಣುಪು ಪ್ಲಾಸ್ಟಿಕ್ ಶೀಟಿನ ಮೇಲೆ ಎಳೆಮರಿಯ ಕಾಲು ಎರಡು ಬದಿಗೆ ಜಾರಿ ಸೊಟ್ಟಗಾಗುತ್ತದೆ. ಈಗಿನ ನೆಲ: 10 ಸೆಂ.ಮೀ. ಜಲ್ಲಿ, ಅದರ ಮೇಲೆ ನೀರು ಸೋಸುವ ಬಟ್ಟೆ, ಮೇಲೆ 15 ಸೆಂ.ಮೀ. ತೊಳೆದ ಮರಳು. ಕೊಳದ ಸುತ್ತ ತೂತಿನ ರಬ್ಬರ್ ಮ್ಯಾಟ್. ಇನ್ನೂ ಕೂರುವ ವಯಸ್ಸಿನ ಮರಿಗೆ ಟವೆಲನ್ನು ಸಿಂಬೆ ಸುತ್ತಿ, ಮೇಲೊಂದು ಬಟ್ಟೆ; ಕಾಲು ಮೈಕೆಳಗೇ ನಿಲ್ಲುತ್ತದೆ. ನಾಯಿ, ಮುಂಗುಸಿಗೆ ಜಾಲರಿಯನ್ನು 30 ಸೆಂ.ಮೀ. ಮಣ್ಣೊಳಗೆ ಹೂತಿದೆ.

ಸುತ್ತ ಒಂದೂವರೆ ಮೀಟರ್ ಎತ್ತರಕ್ಕೆ ಹಸಿರು ಪರದೆ. ಮೀನು ಬರುವುದು ಪರದೆಯ ಹಿಂದಿನ ಪೈಪಿನಿಂದ ತಟ್ಟೆಗೆ. ಮನುಷ್ಯರ ಮುಖ ಕಂಡರೆ ಬಾಯಿ ತೆರೆಯುವ ಹಕ್ಕಿಯನ್ನು ಬಿಟ್ಟು ಪ್ರಯೋಜನವಿಲ್ಲ.

ಮೀನು, ಹುಳು, ಮಾತ್ರೆ

ದಿನಕ್ಕೆ ದೇಹತೂಕದ ಶೇ 15–20ರಷ್ಟು ಇಡೀ ಮೀನು. ಮುಳ್ಳು ತೆಗೆದು ಬರಿಯ ಮಾಂಸ ಕೊಟ್ಟರೆ ಕ್ಯಾಲ್ಸಿಯಂ ಇಲ್ಲದೆ ಮೂಳೆ ಬಾಗುತ್ತದೆ. ಜಿಲೇಬಿ ಮೀನಾದರೆ ಬೆನ್ನಿನ ಮುಳ್ಳುರೆಕ್ಕೆಯನ್ನು ಕತ್ತರಿಯಲ್ಲಿ ಕತ್ತರಿಸಬೇಕು. ತೂಕ ಬೆಳಿಗ್ಗೆ, ಮೇವಿಗೆ ಮುಂಚೆ.

2017ರ ಕೊನೆಯಿಂದ 2018ರವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಹೊಟ್ಟೆಯಲ್ಲಿ ಸಿಕ್ಕಿದ್ದು ದುಂಡುಹುಳು. ಹುಳುವಿನ ಮರಿ ಬರುವುದು ಮೀನಿನ ಮೂಲಕವೇ. ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಅದು ಸಾಯುತ್ತದೆ, ಆದರೆ ಜೊತೆಗೆ ಮೀನಿನ ಥಯಾಮಿನ್ (ವಿಟಮಿನ್ ಬಿ1) ಕೂಡ ಕುಸಿಯುತ್ತದೆ. ಗೆಂಡೆ ಜಾತಿಯ ಕೆಲವು ಮೀನುಗಳಲ್ಲಿ ಥಯಾಮಿನ್ ಒಡೆಯುವ ಕಿಣ್ವವೂ ಇದೆ. ಕೊರತೆಯಾದರೆ ಹಕ್ಕಿ ತಲೆ ಹಿಂದಕ್ಕೆ ಎಳೆದುಕೊಂಡು ತೂರಾಡುತ್ತದೆ. ಲೆಕ್ಕ: ಕೆ.ಜಿ. ಮೀನಿಗೆ 25–30 ಮಿ.ಗ್ರಾಂ. ಥಯಾಮಿನ್, 100 ಐ.ಯು. ವಿಟಮಿನ್ ಇ. ಮಾತ್ರೆಯನ್ನು ಮೊದಲ ಮೀನಿನ ಕಿವಿರಿನೊಳಗೆ ತುರುಕಿ ಕೊಟ್ಟರೆ ಉಗುಳುವುದಿಲ್ಲ.

ಕುರಿ, ದನಕ್ಕೆ ಮನೆಯಲ್ಲಿಟ್ಟಿರುವ ಫೆನ್‌ಬೆಂಡಜೋಲ್ ಜಂತಿನ ಔಷಧಿಯನ್ನು ಮಾತ್ರ ಹತ್ತಿರ ತರಬೇಡಿ. ಹೆಜ್ಜಾರ್ಲೆ, ಕೊಕ್ಕರೆಗಳಲ್ಲಿ ಅದು ಮೂಳೆಮಜ್ಜೆಯನ್ನೇ ಕೆಡಿಸಿ ಕೊಂದ ಉದಾಹರಣೆಗಳಿವೆ. ಯಾವ ಔಷಧಿ, ಎಷ್ಟು ಅನ್ನುವುದನ್ನು ವೈದ್ಯರು ತೂಕ ನೋಡಿಯೇ ಬರೆಯಬೇಕು.

ಮಾರ್ಚ್–ಏಪ್ರಿಲ್: ನೀರು

ಕೊಳ 3 ಮೀಟರ್ ಅಗಲ, 60 ಸೆಂ.ಮೀ. ಆಳ, ಒಂದು ಕಡೆ ಇಳಿಜಾರು. ಮರಿಗಳು ಈಜಿ ಬಂದ ಮೇಲೂ ಹೊಟ್ಟೆಯ ಗರಿ ಒದ್ದೆಯಾಗಿಯೇ ಉಳಿಯುತ್ತಿತ್ತು. ಕಾರಣ ಮೀನಿನ ಜಿಡ್ಡು: ಕೊಳದಲ್ಲೇ ತಿಂದರೆ ಎಣ್ಣೆಯ ಪದರ ನೀರ ಮೇಲೆ ಹರಡಿ ಗರಿಗೆ ಹತ್ತುತ್ತದೆ, ಗರಿಯ ಎಳೆಗಳ ಹೆಣಿಗೆ ಬಿಡುತ್ತದೆ, ನೀರು ಚರ್ಮಕ್ಕೆ ಇಳಿಯುತ್ತದೆ. ಮೇವಿನ ತಟ್ಟೆಯನ್ನು ದೂರ ಸರಿಸಿ, ನೀರಿನ ಮಟ್ಟಕ್ಕೇ ಎರಡಿಂಚಿನ ಪಿವಿಸಿ ಪೈಪು ಕೂರಿಸಿ, ಸಣ್ಣ ಧಾರೆ ಸದಾ ಹರಿಯುವಂತೆ ಮಾಡಿದ ಮೇಲೆ ಜಿಡ್ಡು ತುಂಬಿ ಹೊರಹೋಗುತ್ತಿದೆ. ಪೈಪು ಗಾಳಿ ಬೀಸಿ ಹೋಗುವ ದಿಕ್ಕಿನ ಅಂಚಿನಲ್ಲಿರಬೇಕು. ಪದರ ಸೇರುವುದು ಅಲ್ಲೇ.

ಜಿಡ್ಡು ಹತ್ತಿದ ಮರಿಗೆ ಪಾತ್ರೆ ತೊಳೆಯುವ ದ್ರವವನ್ನು 40–41 ಡಿಗ್ರಿ ನೀರಿನಲ್ಲಿ ತೆಳುವಾಗಿ ಕಲಸಿ ತೊಳೆದದ್ದಾಯಿತು. ತೊಳೆಯುವುದಕ್ಕಿಂತ ಜಾಲಾಡುವುದು ಕಷ್ಟ. ಬೋರ್‌ವೆಲ್ಲಿನ ಗಡಸು ನೀರು ಸೋಪಿನೊಂದಿಗೆ ಸೇರಿ ಗರಿ ಮೇಲೆ ಬಿಳಿ ಪುಡಿ ಉಳಿಸುತ್ತದೆ, ಆಗ ತೊಳೆದೂ ವ್ಯರ್ಥ. ಹಾಗಾಗಿ ಜಾಲಾಡಲು ಸಂಪಿನ ಮಳೆನೀರೇ. ಗರಿಯ ಮೇಲೆ ನೀರು ಮಣಿಯಾಗಿ ಉರುಳಿದರೆ ಮುಗಿಯಿತು, ಹರಡಿದರೆ ಇನ್ನೂ ಸೋಪಿದೆ. 2023ರ ಡಿಸೆಂಬರ್‌ನಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಪ್ರವಾಹದ ಜೊತೆ ತೈಲ ಹರಿದು ಇದೇ ಹೆಜ್ಜಾರ್ಲೆಗಳ ಮೈಗೆ ಅಂಟಿತ್ತು. ಅಂಥ ಕಡೆಯೂ ವಿಧಾನ ಇದೇ, ಆದರೆ ಹಕ್ಕಿ ಬೆಚ್ಚಗಾಗಿ ಬಲ ಬಂದ ಮೇಲೇ ತೊಳೆಯಬೇಕು. ತೊಳೆಯುವ ಸುಸ್ತೇ ಕೊಲ್ಲುತ್ತದೆ.

ಮೇ: ಬಾಗಿಲು

ಬಿಡಲು ಮಾನದಂಡ ನಾಲ್ಕು: ಕೊಳದಲ್ಲಿ ಬಹಳ ಹೊತ್ತು ಈಜಿದ ಮೇಲೂ ಹೊಟ್ಟೆ ಒಣಗಿರಬೇಕು, ತೂಕ ಇಳಿಯದೆ ನಿಂತಿರಬೇಕು, ಎರಡೂ ರೆಕ್ಕೆ ಸಮ ಬಿಚ್ಚಬೇಕು, ಕೊಳಕ್ಕೆ ಬಿಟ್ಟ ಜೀವಂತ ಮೀನನ್ನು ತಾನೇ ಹಿಡಿಯಬೇಕು. ಗುರುತಿಗೆ ಹಳದಿ ಪಟ್ಟಿ ಹಾಕಿದ ಒಂದು ಮರಿ ಕೊನೆಯದರಲ್ಲಿ ಮಾತ್ರ ಹಿಂದೆ: ಕೊಕ್ಕಿನ ಚೀಲ ಹರಿದು ಹೊಲಿಗೆ ಬಿದ್ದಿದ್ದರಿಂದ ಬಾಚಿದ ನೀರು ಸೋರುತ್ತಿತ್ತು. ಚೀಲ ಕೂಡುವವರೆಗೆ ಅದಕ್ಕೆ ಬೇರೆ ಕೋಣೆ. ಉಳಿದವುಗಳಿಗೆ ಆವರಣದ ಬಾಗಿಲು ಬೆಳಿಗ್ಗೆ ತೆರೆದೇ ಇರುತ್ತದೆ. ತಟ್ಟೆಗೆ ಮೀನು ಬೀಳುತ್ತಲೇ ಇದೆ, ಬರುವ ಹಕ್ಕಿ ಕಡಿಮೆಯಾದಂತೆ ಮೀನೂ ಕಡಿಮೆ. ಆವರಣ ಖಾಲಿಯಾದ ಮೇಲೆ ಮೇಲಿನ 5 ಸೆಂ.ಮೀ. ಮರಳು ಎಸೆದು ಹೊಸದು ತುಂಬಿಸುವುದು, ರಬ್ಬರ್ ಮ್ಯಾಟ್‌ಗಳನ್ನು ಬಿಸಿಲಿಗೆ ಹಾಕುವುದು, ಸಂಪಿನ ಸೂರುಕೊಳವೆಯನ್ನು ಮಳೆಗೆ ಮುಂಚೆ ಶುಚಿ ಮಾಡುವುದು ಬಾಕಿ.